ತುಮಕೂರು ಎಂದು ಹುಡುಕಿದರೆ ತುಮಕೂರು ಸಿಗುವುದಿಲ್ಲ: ವೈದ್ಯಕೀಯ ಗ್ರಂಥಾಲಯ ಬಳಸುವವರಿಗೆ

ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1960–61ರಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯದ ಸಮೀಕ್ಷೆ ಮಾಡಿತು. ಅದರ ವರದಿಗಳಲ್ಲಿ ಒಂದು ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನ 29ನೇ ಸಂಪುಟದಲ್ಲಿ, 1963ರಲ್ಲಿ ಅಚ್ಚಾಯಿತು. ಕ್ಷಯದ ಲಕ್ಷಣ ಇದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಆಗಲೇ ಸರ್ಕಾರಿ ಆಸ್ಪತ್ರೆಯ ಬಾಗಿಲಿಗೆ ಹೋಗಿ ಬಂದಿದ್ದರು ಎಂದು ತೋರಿಸಿದ ಇನ್ನೊಂದು ಲೇಖನವೂ ಅದೇ ಸಂಪುಟದಲ್ಲಿದೆ. ದೇಶದ ಕ್ಷಯ ಕಾರ್ಯಕ್ರಮ ಸಾಮಾನ್ಯ ಆಸ್ಪತ್ರೆಗಳ ಒಳಗೇ ನಡೆಯಬೇಕು ಎಂಬ ವಾದಕ್ಕೆ ಬಲ ಕೊಟ್ಟ ಕೆಲಸ ಅದು. ಆದರೆ ಮೊದಲನೆಯ ಲೇಖನದ ಶೀರ್ಷಿಕೆಯಲ್ಲಿ ‘ದಕ್ಷಿಣ ಭಾರತದ ಒಂದು ಜಿಲ್ಲೆ’ ಎಂದಷ್ಟೇ ಇದೆ. ಎರಡನೆಯದರಲ್ಲಿ ಊರಿನ ಸುಳಿವೇ ಇಲ್ಲ. ಶೀರ್ಷಿಕೆಯ ಖಾನೆಯಲ್ಲಿ ತುಮಕೂರು ಎಂದು ಹಾಕಿದವರಿಗೆ ಎರಡೂ ಸಿಗುವುದಿಲ್ಲ.

ವೈದ್ಯಕೀಯ ಗ್ರಂಥಾಲಯದ ಕಷ್ಟ ಹೆಚ್ಚಿನಂಶ ಇಷ್ಟೇ. ಪುಸ್ತಕ ಇರುತ್ತದೆ. ನಾವು ಕೇಳುವ ಪದ ಒಂದು, ಕ್ಯಾಟಲಾಗ್ ಬರೆದವರು ಹಾಕಿದ ಪದ ಇನ್ನೊಂದು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಮೆಡಿಕಲ್, ನರ್ಸಿಂಗ್, ಫಾರ್ಮಸಿ ಕಾಲೇಜುಗಳಲ್ಲಿ ಓದುವವರನ್ನೂ, ನಮ್ಮ ಜಿಲ್ಲೆಗಳ ಆರೋಗ್ಯದ ಬಗ್ಗೆ ಏನಾದರೂ ಬರೆಯಲು ಹೊರಟವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಊರಿನ ಹೆಸರಿನಿಂದಲೇ ಶುರು ಮಾಡೋಣ. 2014ರ ನವೆಂಬರ್ 1ಕ್ಕೆ ಮೊದಲು ಇಂಗ್ಲಿಷಿನಲ್ಲಿ ‘ತುಮ್ಕೂರ್’, ಆಮೇಲೆ ‘ತುಮಕೂರು’. ಕಂಪ್ಯೂಟರಿಗೆ ಇವು ಎರಡು ಬೇರೆ ಊರುಗಳು. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೂ ಹಿಂದೆ ಬಾಗೇಪಲ್ಲಿ, ಗುಡಿಬಂಡೆ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿಯಲ್ಲಿ ಏನು ಅಧ್ಯಯನ ನಡೆದಿದ್ದರೂ ಅದು ಕೋಲಾರ ಜಿಲ್ಲೆಯ ಲೆಕ್ಕದಲ್ಲಿದೆ. ಚಿಕ್ಕಬಳ್ಳಾಪುರದ ಹೆಸರನ್ನು ಇಂಗ್ಲಿಷಿನಲ್ಲಿ ಒಂದು ‘ಕೆ’ ಹಾಕಿಯೂ ಎರಡು ‘ಕೆ’ ಹಾಕಿಯೂ, ಕೊನೆಗೆ ‘ಎ’ ಇಟ್ಟೂ ಬಿಟ್ಟೂ ಬರೆಯುತ್ತಾರೆ. 1973ಕ್ಕೆ ಹಿಂದಿನ ಲೇಖನಗಳಲ್ಲಿ ರಾಜ್ಯದ ಹೆಸರು ಕರ್ನಾಟಕ ಅಲ್ಲ, ಮೈಸೂರು. ಆದ್ದರಿಂದ ಒಂದೇ ಹೆಸರಿನಿಂದ ಹುಡುಕಿ ‘ಏನೂ ಇಲ್ಲ’ ಎಂದು ಎದ್ದು ಬರಬೇಡಿ. ಎಲ್ಲ ರೂಪಗಳನ್ನೂ ಬರೆದು, ನಡುವೆ ‘ಅಥವಾ’ ಎಂಬ ಅರ್ಥದ ‘ಆರ್’ ಪದವನ್ನು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಸೇರಿಸಿ ಒಟ್ಟಿಗೆ ಹುಡುಕಿ. ತಾಲ್ಲೂಕಿನ ಹೆಸರನ್ನು ಬೇರೆಯಾಗಿ ಇನ್ನೊಂದು ಸಲ ಹುಡುಕಿ.

ವೈದ್ಯಕೀಯ ಲೇಖನಗಳನ್ನು ಹುಡುಕುವ ಜಾಲತಾಣ ಪಬ್‌ಮೆಡ್‌ನಲ್ಲಿ ಇದಕ್ಕೆ ತಿರುಗುಮುರುಗಾದ ತೊಂದರೆಯೂ ಉಂಟು. ಬರೀ ‘ತುಮ್ಕೂರ್’ ಎಂದು ಹಾಕಿದರೆ ಲೇಖಕರ ಕಾಲೇಜಿನ ವಿಳಾಸದಲ್ಲಿ ಆ ಹೆಸರಿರುವ ಲೇಖನಗಳೆಲ್ಲ ಬಂದು ಬೀಳುತ್ತವೆ. ಅಧ್ಯಯನ ಬೇರೆಲ್ಲಿಯದೋ ಆಗಿರಬಹುದು. ‘ಕೋಲಾರ್’ ಇನ್ನೂ ಕಷ್ಟ, ಏಕೆಂದರೆ ಚೆಕ್ ದೇಶದಲ್ಲಿ ಅದು ಮನೆತನದ ಹೆಸರು. ಆ ಹೆಸರಿನ ಲೇಖಕರ ಬರಹಗಳೆಲ್ಲ ಸಾಲಾಗಿ ಬರುತ್ತವೆ. ಹುಡುಕಾಟವನ್ನು ಶೀರ್ಷಿಕೆ ಮತ್ತು ಸಾರಾಂಶಕ್ಕೆ ಸೀಮಿತಗೊಳಿಸಿ, ಜೊತೆಗೆ ಕರ್ನಾಟಕ ಅಥವಾ ಇಂಡಿಯಾ ಸೇರಿಸಿದರೆ ಪಟ್ಟಿ ಓದುವಷ್ಟು ಚಿಕ್ಕದಾಗುತ್ತದೆ. ಮೇಲೆ ಹೇಳಿದ 1963ರ ಲೇಖನಗಳು ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಪೂರ್ತಿಯಾಗಿ, ಹಣ ಕೊಡದೆ ಸಿಗುತ್ತವೆ. ಅವುಗಳಿಗಾಗಿ ಕಪಾಟು ತಡಕಬೇಡಿ. ಕೋಲಾರದ ಟಮಕದ ದೇವರಾಜ ಅರಸು ವೈದ್ಯಕೀಯ ಕಾಲೇಜು 1986ರದು, ತುಮಕೂರಿನ ಅಗಳಕೋಟೆಯ ಸಿದ್ಧಾರ್ಥ ವೈದ್ಯಕೀಯ ಕಾಲೇಜು 1988ರದು. ಅದಕ್ಕೂ ಇಪ್ಪತ್ತು ವರ್ಷ ಹಿಂದಿನ ಪತ್ರಿಕೆಗಳ ಬೈಂಡ್ ಸಂಪುಟ ಇಲ್ಲಿರುತ್ತದೆ ಎಂದು ಎಣಿಸಿಕೊಳ್ಳುವಂತಿಲ್ಲ.

ಇನ್ನು ಕಾಯಿಲೆಯ ಹೆಸರು. ವೈದ್ಯಕೀಯ ಕ್ಯಾಟಲಾಗಿನ ವಿಷಯ ಪದಗಳು ಸಾಮಾನ್ಯವಾಗಿ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ‘ಮೆಶ್’ ಪಟ್ಟಿಯಿಂದ ಬರುತ್ತವೆ. ಆ ಪಟ್ಟಿಯಲ್ಲಿ ಒಂದು ಸಂಗತಿಗೆ ಒಂದೇ ಅಧಿಕೃತ ಹೆಸರು. ಹಾರ್ಟ್ ಅಟ್ಯಾಕ್‌ಗೆ ‘ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್’, ಕ್ಯಾನ್ಸರಿಗೆ ‘ನಿಯೋಪ್ಲಾಸಮ್ಸ್’, ಬಿ.ಪಿ.ಗೆ ‘ಹೈಪರ್‌ಟೆನ್ಷನ್’, ಲಕ್ವಕ್ಕೆ ‘ಸ್ಟ್ರೋಕ್’, ಸರ್ಪಸುತ್ತಿಗೆ ‘ಹರ್ಪಿಸ್ ಜೋಸ್ಟರ್’. ಶುಗರ್ ಎಂದರೆ ಸಕ್ಕರೆಯ ರಸಾಯನಶಾಸ್ತ್ರ ಬರುತ್ತದೆ, ನಮಗೆ ಬೇಕಾದದ್ದು ‘ಡಯಾಬಿಟಿಸ್ ಮೆಲ್ಲಿಟಸ್’. ಪಬ್‌ಮೆಡ್ ನಮ್ಮ ಪದವನ್ನು ತಾನೇ ಮೆಶ್ ಪದಕ್ಕೆ ಹೊಂದಿಸಿಕೊಳ್ಳುತ್ತದೆ. ಕಾಲೇಜಿನ ಓಪ್ಯಾಕ್, ಅಂದರೆ ಕಂಪ್ಯೂಟರಿನ ಕ್ಯಾಟಲಾಗ್, ಅದರ ಸಾಫ್ಟ್‌ವೇರ್ ಕೋಹಾ ಇರಲಿ, ಇ-ಗ್ರಂಥಾಲಯ ಇರಲಿ, ಸಾಮಾನ್ಯವಾಗಿ ಆ ಕೆಲಸ ಮಾಡುವುದಿಲ್ಲ. ನೀವು ಒತ್ತಿದ ಅಕ್ಷರ ದಾಖಲೆಯಲ್ಲಿದ್ದರೆ ತೋರಿಸುತ್ತದೆ, ಇಲ್ಲದಿದ್ದರೆ ಇಲ್ಲ.

ನನಗೆ ಗೊತ್ತಿರುವ ಸುಲಭದ ದಾರಿ ಹೀಗಿದೆ. ಹೇಗಾದರೂ ಮಾಡಿ ವಿಷಯಕ್ಕೆ ಸರಿಯಾದ ಒಂದೇ ಒಂದು ಪುಸ್ತಕ ಹಿಡಿಯಿರಿ. ಅದರ ಪೂರ್ತಿ ದಾಖಲೆ ತೆರೆದು, ‘ಸಬ್ಜೆಕ್ಟ್’ ಎಂಬಲ್ಲಿ ಏನು ಬರೆದಿದೆ ನೋಡಿ, ಅದರ ಮೇಲೆ ಒತ್ತಿ. ಅದೇ ಪದ ಹೊತ್ತ ಉಳಿದ ಪುಸ್ತಕಗಳೆಲ್ಲ ಹೊರಗೆ ಬರುತ್ತವೆ.

ಕಾಗುಣಿತವೂ ಕಾಡುತ್ತದೆ. ಅನೀಮಿಯ, ಪೀಡಿಯಾಟ್ರಿಕ್ಸ್, ಹೆಮರೇಜ್ ಪದಗಳನ್ನು ಬ್ರಿಟಿಷರು ‘ಎ’, ‘ಇ’ ಎರಡೂ ಜೋಡಿಸಿ ಬರೆದರೆ ಅಮೆರಿಕದವರು ಬರೀ ‘ಇ’ ಬರೆಯುತ್ತಾರೆ. ನಮ್ಮ ಭಾರತೀಯ ಪಠ್ಯಗಳಲ್ಲಿ ಎರಡೂ ಇವೆ. ಎರಡೂ ರೀತಿ ಹುಡುಕಿ.

ಸರ್ಕಾರದ ಕಾರ್ಯಕ್ರಮದ ಹೆಸರುಗಳು ಬದಲಾಗುತ್ತಲೇ ಇರುತ್ತವೆ. ಕ್ಷಯದ ಕಾರ್ಯಕ್ರಮ 1962ರಲ್ಲಿ ಎನ್‌ಟಿಪಿ, 1997ರಿಂದ ಆರ್‌ಎನ್‌ಟಿಸಿಪಿ, 2020ರಿಂದ ಎನ್‌ಟಿಇಪಿ. ಹೊಸ ಹೆಸರಿನಿಂದ ಹುಡುಕಿದರೆ ಕಳೆದ ಕೆಲವೇ ವರ್ಷಗಳದ್ದು ಸಿಗುತ್ತದೆ.

ಈಗ ನಮ್ಮ ಜಿಲ್ಲೆಗಳಿಗೇ ಅಂಟಿಕೊಂಡ ಒಂದು ವಿಷಯ ತೆಗೆದುಕೊಳ್ಳೋಣ: ಫ್ಲೋರೈಡ್ ನೀರು. ಪಾವಗಡ, ಬಾಗೇಪಲ್ಲಿ, ಗುಡಿಬಂಡೆ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಎಂಬ ಮಾತು ಎಲ್ಲರಿಗೂ ಗೊತ್ತು. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರಿನ ಮೂಲ ಇಲ್ಲದಿದ್ದಾಗ ಹೆಚ್ಚೆಂದರೆ 1.5. ಇದರ ಬಗ್ಗೆ ಓದಲು ಹೋದರೆ ಪುಸ್ತಕಗಳು ಒಂದು ಕಪಾಟಿನಲ್ಲಿ ಇರುವುದಿಲ್ಲ. ಹಲ್ಲಿನ ಕಲೆ ದಂತವೈದ್ಯದ ಸಾಲಿನಲ್ಲಿ, ಮೂಳೆ ಬಾಗುವುದು ಮೂಳೆ ವಿಭಾಗದಲ್ಲಿ, ನೀರಿನ ಗುಣಮಟ್ಟ ಸಾರ್ವಜನಿಕ ಆರೋಗ್ಯದಲ್ಲಿ, ಫ್ಲೋರೈಡ್ ರಾಸಾಯನಿಕವಾಗಿ ಔಷಧಶಾಸ್ತ್ರದಲ್ಲಿ. ಮೆಶ್‌ನಲ್ಲೂ ಹಲ್ಲಿನದು ‘ಫ್ಲೋರೋಸಿಸ್, ಡೆಂಟಲ್’ ಎಂದಿದ್ದರೆ, ಮೈಗೆ ಹತ್ತಿದ್ದನ್ನು ನೋಡಲು ‘ಫ್ಲೋರೈಡ್ ಪಾಯ್ಸನಿಂಗ್’ ಎಂಬಲ್ಲಿಗೆ ಹೋಗಬೇಕು. ಒಂದು ಸಾಲಿನ ಮುಂದೆ ನಿಂತು ‘ಇಷ್ಟೇನಾ’ ಎಂದುಕೊಂಡು ಹೊರಟವರಿಗೆ ಕಾಲು ಭಾಗ ಮಾತ್ರ ಸಿಕ್ಕಿರುತ್ತದೆ.

ಈ ಸಾಲುಗಳನ್ನು ಓದುವುದು ಹೇಗೆ? ಪುಸ್ತಕದ ಬೆನ್ನಿಗೆ ಅಂಟಿಸಿದ ಚೀಟಿ ನೋಡಿ. ಬರೀ ಅಂಕಿ ಇದ್ದರೆ ಡ್ಯೂಯಿ ಪದ್ಧತಿ: 611 ಅಂಗರಚನೆ, 612 ಶರೀರಕ್ರಿಯೆ, 615 ಔಷಧಗಳು, 616 ರೋಗಗಳು, 617 ಶಸ್ತ್ರಚಿಕಿತ್ಸೆ, 618 ಹೆರಿಗೆ ಮತ್ತು ಮಕ್ಕಳ ವೈದ್ಯ. ನರ್ಸಿಂಗ್ 610.73ರಲ್ಲಿ ಸಿಗುತ್ತದೆ, ಸಕ್ಕರೆ ಕಾಯಿಲೆ 616.462ರಲ್ಲಿ. ಇಂಗ್ಲಿಷ್ ಅಕ್ಷರದಿಂದ ಶುರುವಾದರೆ ಅಮೆರಿಕದ ವೈದ್ಯಕೀಯ ಗ್ರಂಥಾಲಯದ ಪದ್ಧತಿ: ಕ್ಯುಎಸ್ ಅಂಗರಚನೆ, ಕ್ಯುವಿ ಔಷಧಶಾಸ್ತ್ರ, ಡಬ್ಲ್ಯುಎ ಸಾರ್ವಜನಿಕ ಆರೋಗ್ಯ, ಡಬ್ಲ್ಯುಇ ಮೂಳೆ, ಡಬ್ಲ್ಯುಜಿ ಹೃದಯ, ಡಬ್ಲ್ಯುಯು ಹಲ್ಲು, ಡಬ್ಲ್ಯುವೈ ನರ್ಸಿಂಗ್. ಅದರಲ್ಲಿ ಸಕ್ಕರೆ ಕಾಯಿಲೆ ಡಬ್ಲ್ಯುಕೆ 810.

ಡ್ಯೂಯಿ ಚುಕ್ಕಿಯ ಮುಂದಿನ ಅಂಕಿಗಳನ್ನು ದಶಾಂಶವಾಗಿ ಓದಬೇಕು. 616.12 ಬರುವುದು 616.2ಕ್ಕಿಂತ ಮೊದಲು, 616.462 ಬರುವುದು 616.5ಕ್ಕಿಂತ ಮೊದಲು. ಹನ್ನೆರಡು ಎರಡಕ್ಕಿಂತ ದೊಡ್ಡದು ಎಂದು ಮುಂದೆ ಮುಂದೆ ಹೋಗಿ ಹುಡುಕುವವರೇ ಹೆಚ್ಚು. ಅದೇ ತಪ್ಪು ಎಣಿಕೆಯಲ್ಲಿ ಪುಸ್ತಕ ವಾಪಸ್ ಇಟ್ಟು ಹೋಗುವವರೂ ಇದ್ದಾರೆ. ಓದಿದ ಪುಸ್ತಕವನ್ನು ನೀವೇ ಕಪಾಟಿಗೆ ಇಡಬೇಡಿ, ಮೇಜಿನ ಮೇಲೇ ಬಿಡಿ ಎಂದು ಸಿಬ್ಬಂದಿ ಹೇಳುವುದು ಇದಕ್ಕೇ. ತಪ್ಪು ಜಾಗಕ್ಕೆ ಸೇರಿದ ಪುಸ್ತಕ ಮುಂದಿನ ಸ್ಟಾಕ್ ಪರಿಶೀಲನೆವರೆಗೂ ಯಾರ ಕೈಗೂ ಸಿಗದೆ ಹೋಗಬಹುದು.

ಪರದೆಯ ಮೇಲೆ ‘ಲಭ್ಯ’ ಎಂದಿದ್ದು ಕಪಾಟಿನಲ್ಲಿ ಇಲ್ಲದಿದ್ದರೆ ಮೊದಲು ಓದುವ ಮೇಜುಗಳನ್ನು, ಆಮೇಲೆ ವಾಪಸ್ ಬಂದ ಪುಸ್ತಕಗಳ ಟ್ರಾಲಿಯನ್ನು ನೋಡಿ. ಅಟ್ಲಾಸ್‌ನಂಥ ದೊಡ್ಡ ಗಾತ್ರದವು ಬೇರೆ ಕಪಾಟಿನಲ್ಲಿರುತ್ತವೆ. ಸಿಗದಿದ್ದರೆ ಬೆನ್ನಿನ ಚೀಟಿಯ ಕಾಲ್ ನಂಬರ್ ಜೊತೆಗೆ ಆಕ್ಸೆಷನ್ ನಂಬರ್ ಕೂಡ ಬರೆದುಕೊಂಡು ಕೌಂಟರಿಗೆ ಹೋಗಿ. ಒಂದೇ ಪುಸ್ತಕದ ಹತ್ತು ಪ್ರತಿಗಳಿಗೂ ಕಾಲ್ ನಂಬರ್ ಒಂದೇ, ಆಕ್ಸೆಷನ್ ನಂಬರ್ ಪ್ರತಿಯೊಂದಕ್ಕೂ ಬೇರೆ. ಎರಡು ಸಂಪುಟದ ಗ್ರಂಥದಲ್ಲಿ ಸಂಪುಟಕ್ಕೊಂದು. ಯಾವ ಪ್ರತಿ ಬೈಂಡಿಂಗ್‌ಗೆ ಹೋಗಿದೆ, ಯಾವುದು ಬುಕ್ ಬ್ಯಾಂಕಿನಲ್ಲಿದೆ ಎಂಬುದು ಅದರಿಂದಲೇ ಗೊತ್ತಾಗುವುದು.

ಕನ್ನಡದ ಆರೋಗ್ಯ ಪುಸ್ತಕಗಳಿಗೆ ಬೇರೆ ಉಪಾಯ ಬೇಕು. ಅವುಗಳ ಹೆಸರನ್ನು ಬಹಳ ಕಡೆ ಇಂಗ್ಲಿಷ್ ಅಕ್ಷರದಲ್ಲಿ ಹಾಕಿರುತ್ತಾರೆ. ‘ಆರೋಗ್ಯ’ಕ್ಕೆ ಒಂದು ‘ಎ’ ಹಾಕಿದ ದಾಖಲೆಯೂ ಎರಡು ‘ಎ’ ಹಾಕಿದ ದಾಖಲೆಯೂ ಒಂದೇ ಕ್ಯಾಟಲಾಗಿನಲ್ಲಿರಬಹುದು. ಹೆಸರಿನಿಂದ ಹುಡುಕುವುದಕ್ಕಿಂತ, ಭಾಷೆಯ ಖಾನೆಯಲ್ಲಿ ಕನ್ನಡ ಆರಿಸಿ ಪಟ್ಟಿ ಪೂರ್ತಿ ನೋಡುವುದು ವಾಸಿ. ಮೆಡಿಕಲ್ ಕಾಲೇಜುಗಳಲ್ಲಿ ಆ ಪಟ್ಟಿ ಉದ್ದವಾಗಿರುವುದು ಅಪರೂಪ.

ಆದರೆ ಕನ್ನಡಕ್ಕೆ ಸಂಬಂಧಿಸಿದ ಒಂದು ನಿಧಿ ಇದೇ ಗ್ರಂಥಾಲಯಗಳಲ್ಲಿದೆ: ಎಂ.ಡಿ., ಎಂ.ಎಸ್. ವಿದ್ಯಾರ್ಥಿಗಳ ಪ್ರಬಂಧಗಳು. ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಒಪ್ಪಿಗೆ ಪಡೆಯಬೇಕು ಎಂಬ ನಿಯಮದಿಂದ, ಪ್ರಬಂಧದ ಕೊನೆಯ ಅನುಬಂಧದಲ್ಲಿ ಕನ್ನಡದ ಒಪ್ಪಿಗೆ ಪತ್ರ ಇರುತ್ತದೆ, ಎಷ್ಟೋ ಸಲ ಪ್ರಶ್ನಾವಳಿಯೂ ಇರುತ್ತದೆ. ವೈದ್ಯಕೀಯವನ್ನು ಕನ್ನಡದಲ್ಲಿ ಹೇಳಲು ಬೇಕಾದ ಪದಗಳನ್ನು ಹುಡುಕುವವರು ಈ ಪುಟಗಳನ್ನು ನೋಡಲೇಬೇಕು. ನಮ್ಮ ಸುತ್ತಲಿನ ಹಳ್ಳಿಗಳ, ನಮ್ಮ ಆಸ್ಪತ್ರೆಗಳ ರೋಗಿಗಳ ವಿವರವೂ ಅವುಗಳಲ್ಲೇ ಇದೆ. ಪಿಎಚ್.ಡಿ. ಪ್ರಬಂಧಗಳಿಗೆ ಶೋಧಗಂಗಾ ಎಂಬ ಜಾಲತಾಣ ಇದೆ. ಎಂ.ಡಿ. ಪ್ರಬಂಧಕ್ಕೆ ಅಲ್ಲಿ ಹುಡುಕಿ ಕೈಸೋತವರು ಬಹಳ. ಅದಕ್ಕೆ ಹೆಚ್ಚಾಗಿ ಗ್ರಂಥಾಲಯದ ಪ್ರತಿಯೇ ಗತಿ. ಇವುಗಳನ್ನು ವಿಷಯದ ಪ್ರಕಾರ ಅಲ್ಲ, ವಿಭಾಗ ಮತ್ತು ವರ್ಷದ ಪ್ರಕಾರ ಜೋಡಿಸಿರುತ್ತಾರೆ. ಕಮ್ಯೂನಿಟಿ ಮೆಡಿಸಿನ್ ಸಾಲಿನಿಂದ ಆರಂಭಿಸಿ. ಪ್ರಬಂಧವನ್ನು ಮನೆಗೆ ಕೊಡುವುದಿಲ್ಲ, ಹೆಚ್ಚಿನ ಕಡೆ ಪೂರ್ತಿ ಜೆರಾಕ್ಸ್‌ಗೂ ಬಿಡುವುದಿಲ್ಲ. ನೋಟ್‌ಬುಕ್, ಪೆನ್ನು ತೆಗೆದುಕೊಂಡು ಹೋಗಿ.

ಎರವಲಿನ ನಿಯಮ ಕಾಲೇಜಿನಿಂದ ಕಾಲೇಜಿಗೆ ಬೇರೆ. ಚೌಕಟ್ಟು ಮಾತ್ರ ಬಹುತೇಕ ಒಂದೇ. ಪಠ್ಯಪುಸ್ತಕದ ಸಾಮಾನ್ಯ ಪ್ರತಿಗಳನ್ನು ಒಂದು ಅಥವಾ ಎರಡು ವಾರಕ್ಕೆ ಕೊಡುತ್ತಾರೆ. ರೆಫರೆನ್ಸ್ ಮುದ್ರೆ ಇರುವವು, ಬೈಂಡ್ ಆದ ಪತ್ರಿಕೆಗಳು, ಪ್ರಬಂಧಗಳು ಅಲ್ಲೇ ಓದಲು. ಕೆಲವು ಕಡೆ ರೆಫರೆನ್ಸ್ ಪುಸ್ತಕವನ್ನು ಸಂಜೆ ಮುಚ್ಚುವ ಹೊತ್ತಿಗೆ ಕೊಟ್ಟು ಮರುದಿನ ಬೆಳಿಗ್ಗೆ ತೆರೆಯುವಾಗ ವಾಪಸ್ ಪಡೆಯುವ ಏರ್ಪಾಡಿದೆ. ಇದರ ಬಗ್ಗೆ ಬೋರ್ಡಿನಲ್ಲಿ ಬರೆದಿರುವುದಿಲ್ಲ, ಕೇಳಿದವರಿಗೆ ಸಿಗುತ್ತದೆ. ಅವಧಿ ಮುಗಿಯುವ ಹಿಂದಿನ ದಿನವೇ ನವೀಕರಿಸಿ. ಬೇರೆಯವರು ಅದೇ ಪುಸ್ತಕವನ್ನು ತಮಗಾಗಿ ಕಾಯ್ದಿರಿಸಿ ಹೋಲ್ಡ್ ಹಾಕಿದ್ದರೆ ನವೀಕರಣ ಆಗುವುದಿಲ್ಲ, ತಡವಾಗಿ ನೋಡಿದರೆ ದಂಡವೂ ಬಿದ್ದಿರುತ್ತದೆ. ರಜೆಯ ದಿನಕ್ಕೂ ದಂಡ ಲೆಕ್ಕವಾಗುತ್ತದೆಯೇ ಎಂದು ದಸರಾ ರಜೆಗೆ ಊರಿಗೆ ಹೊರಡುವ ಮುಂಚೆ ಕೇಳಿಕೊಳ್ಳಿ, ಸಾಫ್ಟ್‌ವೇರಿನ ಕ್ಯಾಲೆಂಡರ್ ಹೇಗಿದೆಯೋ ಹಾಗೆ ಅದು.

ಪುಸ್ತಕ ಪಡೆಯುವಾಗ ಕೌಂಟರಿನಲ್ಲೇ ನಿಂತು ಪುಟ ತಿರುವಿ ನೋಡಿ. ಅಂಗರಚನೆಯ ಚಿತ್ರ ಕತ್ತರಿಸಿಕೊಂಡು ಹೋದ ಪ್ರತಿಗಳಿರುತ್ತವೆ. ಹರಿದ ಪುಟವನ್ನು ಪಡೆಯುವಾಗಲೇ ತೋರಿಸದಿದ್ದರೆ ಹರಿದದ್ದು ನಿಮ್ಮ ಲೆಕ್ಕಕ್ಕೆ ಬರುತ್ತದೆ. ತಲೆಪುಟದ ಹಿಂದೆ ಮುದ್ರಣದ ವರ್ಷ ನೋಡಿ. ಅಂಗರಚನೆಗೆ ಹಿಂದಿನ ಆವೃತ್ತಿ ಆದೀತು. ಔಷಧದ ಪ್ರಮಾಣ, ಲಸಿಕೆಯ ವೇಳಾಪಟ್ಟಿ, ಕ್ಷಯದ ಚಿಕಿತ್ಸೆಗೆ ಹಳೆಯದು ಖಂಡಿತ ಬೇಡ. ದಿನಬಿಟ್ಟು ದಿನ ಕೊಡುತ್ತಿದ್ದ ಕ್ಷಯದ ಮಾತ್ರೆಗಳು ಈಗ ದಿನವೂ ಕೊಡುವಂತಾಗಿವೆ. ಹಳೆಯ ಆವೃತ್ತಿ ಓದಿದ ವಿದ್ಯಾರ್ಥಿ ಪರೀಕ್ಷೆಯಲ್ಲೂ ವಾರ್ಡಿನಲ್ಲೂ ತಪ್ಪು ಹೇಳುತ್ತಾರೆ. ಹೊಸ ಆವೃತ್ತಿ ಮೊದಲ ಬಾರಿಗೆ ರೆಫರೆನ್ಸ್‌ಗೆ ಮಾತ್ರ ಬಂದಿದ್ದರೆ, ಬದಲಾದ ಅಧ್ಯಾಯವನ್ನು ಅಲ್ಲೇ ಕೂತು ಓದಿ, ಉಳಿದದ್ದಕ್ಕೆ ಹಳೆಯದನ್ನು ಮನೆಗೆ ಒಯ್ಯಬಹುದು.

ಹೊರಗಿನವರು ಹೋಗಬಹುದೇ? ಎರವಲು ಸಿಗದು, ಓದಲು ಸಿಗುವ ಸಾಧ್ಯತೆ ಇದೆ. ನಿಮ್ಮ ಕಾಲೇಜು ಅಥವಾ ಕಚೇರಿಯ ಮುಖ್ಯಸ್ಥರಿಂದ ಒಂದು ಪತ್ರ ತನ್ನಿ. ಅದರಲ್ಲಿ ‘ಅಧ್ಯಯನಕ್ಕಾಗಿ’ ಎಂದಷ್ಟೇ ಇದ್ದರೆ ಅರ್ಧ ದಿನ ಅಲೆದಾಟವಾಗುತ್ತದೆ. ಯಾವ ವಿಷಯ, ಯಾವ ಪುಸ್ತಕ ಅಥವಾ ಯಾವ ವರ್ಷಗಳ ಪ್ರಬಂಧ, ಯಾವ ದಿನಾಂಕಗಳಂದು ಎಂದು ಸ್ಪಷ್ಟವಾಗಿರಲಿ. ಗುರುತಿನ ಚೀಟಿ, ಅದರ ಒಂದು ಜೆರಾಕ್ಸ್ ಜೊತೆಗಿರಲಿ. ಇಂಟರ್ನಲ್ ಪರೀಕ್ಷೆಗಳ ವಾರ ಹೋಗಬೇಡಿ, ಕೂರಲು ಜಾಗವಿರುವುದಿಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಿನಲ್ಲಿ ಓದುವ ನರ್ಸಿಂಗ್, ಫಾರ್ಮಸಿ ಮಕ್ಕಳು ಬಸ್ಸು ಹತ್ತುವ ಮುಂಚೆ ತಮ್ಮದೇ ಗ್ರಂಥಾಲಯದಲ್ಲಿ ಹೆಲಿನೆಟ್ ಬಗ್ಗೆ ಕೇಳಿ. 2003ರಲ್ಲಿ ಶುರುವಾದ ಈ ಒಕ್ಕೂಟದ ಮೂಲಕ ವಿದ್ಯುನ್ಮಾನ ಪತ್ರಿಕೆಗಳು ಸದಸ್ಯ ಕಾಲೇಜುಗಳಿಗೆ ಬರುತ್ತವೆ.

ಜೆರಾಕ್ಸ್ ವಿಚಾರಕ್ಕೆ, 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಂ ಸ್ವಂತ ಓದು ಮತ್ತು ಸಂಶೋಧನೆಗಾಗಿ ನ್ಯಾಯವಾದ ಬಳಕೆಗೆ ಅವಕಾಶ ಕೊಡುತ್ತದೆ. ಒಂದು ಲೇಖನವನ್ನೋ ಒಂದು ಅಧ್ಯಾಯದ ಬೇಕಾದ ಪುಟಗಳನ್ನೋ ಕೇಳಿದರೆ ತಕರಾರು ಬರುವುದಿಲ್ಲ, ಇಡೀ ಪುಸ್ತಕ ಕೇಳಿದರೆ ಬರುತ್ತದೆ.

ಪುಸ್ತಕ ಕಳೆದುಹೋದರೆ ಮುಚ್ಚಿಡದೆ ಅಂದೇ ಬರೆದುಕೊಡಿ. ದಿನದ ದಂಡ ಅಲ್ಲಿಗೆ ನಿಲ್ಲಿಸಲು ದಾರಿಯಾಗುತ್ತದೆ. ಸಾಮಾನ್ಯವಾಗಿ ಅದೇ ಪುಸ್ತಕದ ಇತ್ತೀಚಿನ ಆವೃತ್ತಿ ತಂದುಕೊಡಲು ಹೇಳುತ್ತಾರೆ. ಅಂಗಡಿಗೆ ಹೋಗುವ ಮುಂಚೆ ಲೇಖಕ, ಸಂಪುಟ, ಆವೃತ್ತಿಯನ್ನು ಕೌಂಟರಿನಲ್ಲಿ ಬರೆಸಿಕೊಂಡು ಹೋಗಿ, ಏಕೆಂದರೆ ಒಂದೇ ಹೆಸರಿನ ದೊಡ್ಡ ಗ್ರಂಥಕ್ಕೂ ಅದರ ಕೈಪಿಡಿ ರೂಪಕ್ಕೂ ಹೊದಿಕೆ ಒಂದೇ ಥರ ಇರುತ್ತದೆ. ತಂದುಕೊಟ್ಟ ಮೇಲೆ ಹಳೆಯ ಆಕ್ಸೆಷನ್ ನಂಬರ್ ನಿಮ್ಮ ಖಾತೆಯಿಂದ ಹೋಗಿದೆಯೇ ಎಂದು ಪರದೆಯಲ್ಲೇ ನೋಡಿಕೊಳ್ಳಿ. ಅದು ಉಳಿದಿದ್ದರೆ ಕೋರ್ಸ್ ಮುಗಿಸಿ ನೋ-ಡ್ಯೂ ಸಹಿಗೆ ನಿಂತ ದಿನ ಮತ್ತೆ ಎದ್ದು ಬರುತ್ತದೆ.