ಬೆಲ್ಲದ ಕಾಫಿಗೆ ಮೊದಲು

ಕೊಡಗಿನಲ್ಲಿ ಜನವರಿಯ ಬೆಳಗ್ಗೆ ಆರೂವರೆ. ರೋಬಸ್ಟಾ ಕೊಯ್ಲು ಶುರುವಾಗಿರುವ ಮನೆ. ಒಲೆ ಮೇಲೆ ಬೆಲ್ಲದ ಕಾಫಿ, ಚಿಕ್ಕ ಮಗು ಸೊಂಟದ ಮೇಲೆ, ದೊಡ್ಡದಕ್ಕೆ ಇನ್ನೂ ಯೂನಿಫಾರ್ಮ್ ಹಾಕಿಲ್ಲ, ಆಳುಗಳ ಜೀಪು ಗೇಟಿಗೆ ಬಂದಾಯಿತು. ಈ ಗಡಿಬಿಡಿಯಲ್ಲೇ ನಿಂತುಕೊಂಡು ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದರೆ ಬಿಪಿ ಮೆಷಿನ್ 158/98 ಎನ್ನುತ್ತದೆ. ಮೂವತ್ತರ ಆಸುಪಾಸಿನವರು ಇದನ್ನು ಕಂಡು ಹೆದರಿ ಕೂರುತ್ತಾರೆ, ಇಲ್ಲವೇ ‘ಟೆನ್ಷನ್‌ಗೆ ಬಂದದ್ದು’ ಎಂದು ಮೆಷಿನನ್ನು ಡಬ್ಬಿಗೆ ಹಾಕುತ್ತಾರೆ. ಎರಡನೆಯದೇ ಹೆಚ್ಚು. ಆ ಅಂಕಿಯಲ್ಲಿ ರೋಗವೆಷ್ಟು, ಗಡಿಬಿಡಿಯೆಷ್ಟು ಅನ್ನುವುದು ಸರಿಯಾಗಿ ಅಳೆಯದೆ ಯಾರಿಗೂ ಗೊತ್ತಾಗದು.

ಮೊದಲು ಮೂತ್ರಕ್ಕೆ ಹೋಗಿ ಬನ್ನಿ. ಆಮೇಲೆ ಅಳತೆ, ಆಮೇಲೆ ಮಾತ್ರೆ, ಕಾಫಿ ಕೊನೆಗೆ. ಕಾಫಿ ಕುಡಿದಿದ್ದರೆ, ಬೀಡಿ ಸೇದಿದ್ದರೆ ಅರ್ಧ ಗಂಟೆ ಕಾಯಬೇಕು. ಮಗುವನ್ನು ಇನ್ನೊಬ್ಬರ ಕೈಗೆ ಕೊಟ್ಟು, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಪಾದ ನೆಲಕ್ಕೂರಿ ಐದು ನಿಮಿಷ ಮಾತಾಡದೆ ಕೂರಬೇಕು. ಕಾಲ ಮೇಲೆ ಕಾಲು ಹಾಕಿದರೂ ಅಂಕಿ ಏರುತ್ತದೆ, ಮಾತಾಡಿದರಂತೂ ಹತ್ತರಷ್ಟು ಏರಬಹುದು. ತೋಳು ಮೇಜಿನ ಮೇಲೆ, ಎದೆಯ ಮಟ್ಟದಲ್ಲಿರಲಿ. ನಮ್ಮ ಚಳಿಗೆ ಸ್ವೆಟರ್ ಮೇಲೆಯೇ ಪಟ್ಟಿ ಕಟ್ಟುವವರಿದ್ದಾರೆ, ಬಿಗಿ ತೋಳನ್ನು ಮೇಲಕ್ಕೆ ಸುರುಳಿ ಸುತ್ತಿ ಅದರ ಕೆಳಗೆ ಕಟ್ಟುವವರೂ ಇದ್ದಾರೆ. ಎರಡೂ ಬೇಡ, ಸ್ವೆಟರಿನ ಒಂದು ತೋಳು ಬಿಚ್ಚಿಬಿಡಿ. ಪಟ್ಟಿಯ ಅಂಚು ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲಿರಬೇಕು.

ಒಂದು ನಿಮಿಷದ ಅಂತರದಲ್ಲಿ ಎರಡು ಸಲ, ಬೆಳಗ್ಗೆಯೂ ಸಂಜೆಯೂ, ಏಳು ದಿನ. ಮೊದಲ ದಿನದ್ದನ್ನು ಬಿಟ್ಟು ಉಳಿದದ್ದರ ಸರಾಸರಿ ತೆಗೆಯಿರಿ. ಮನೆಯ ಸರಾಸರಿ 135/85 ಅಥವಾ ಅದಕ್ಕಿಂತ ಮೇಲಿದ್ದರೆ ಅದು ಬಿಪಿಯೇ, ಕೊಯ್ಲಿನ ಟೆನ್ಷನ್ ಅಲ್ಲ. ಡಾಕ್ಟರ ಕೋಣೆಯಲ್ಲಿ ಈ ಗಡಿ 140/90.

ಪಟ್ಟಿಯ ಅಳತೆ ಹೆಚ್ಚಿನವರು ನೋಡುವುದೇ ಇಲ್ಲ. ಡಬ್ಬಿಯಲ್ಲಿ ಬರುವುದು ಸಾಮಾನ್ಯವಾಗಿ 22ರಿಂದ 32 ಸೆಂ.ಮೀ. ಸುತ್ತಳತೆಯ ತೋಳಿಗೆ. ಗೊಬ್ಬರದ ಮೂಟೆ ಎತ್ತಿದ ತೋಳು 35 ಇದ್ದರೆ ಅದೇ ಪಟ್ಟಿ ಇಲ್ಲದ ಬಿಪಿಯನ್ನು ತೋರಿಸುತ್ತದೆ. ಟೈಲರ್ ಟೇಪಿನಲ್ಲಿ ತೋಳಿನ ನಡುಭಾಗ ಅಳೆದು, ಬೇಕಿದ್ದರೆ ದೊಡ್ಡ ಪಟ್ಟಿ ಬೇರೆ ಕೊಳ್ಳಿ.

180/120 ದಾಟಿದರೆ ಐದು ನಿಮಿಷ ಸುಮ್ಮನೆ ಕೂತು ಮತ್ತೆ ಅಳೆಯಿರಿ. ಇಳಿಯದಿದ್ದರೆ ಅವತ್ತೇ ಡಾಕ್ಟರನ್ನು ಕಾಣಬೇಕು. ಜೊತೆಗೆ ಎದೆನೋವು, ಏದುಸಿರು, ಮಾತು ತೊದಲುವುದು, ಕಣ್ಣು ಮಂಜಾಗುವುದು ಇದ್ದರೆ ಮತ್ತೆ ಅಳೆಯಲೂ ಕೂರಬಾರದು, ಹೊರಟುಬಿಡಬೇಕು.

ನಲವತ್ತರೊಳಗೆ ಬಿಪಿ ಬಂದರೆ ಮಾತ್ರೆಯ ಜೊತೆಗೆ ಕಾರಣವನ್ನೂ ಹುಡುಕಬೇಕು. ಮೂತ್ರದಲ್ಲಿ ಆಲ್ಬುಮಿನ್, ರಕ್ತದಲ್ಲಿ ಕ್ರಿಯಾಟಿನಿನ್, ಪೊಟ್ಯಾಸಿಯಂ, ಥೈರಾಯ್ಡ್, ಸಕ್ಕರೆ, ಕೊಲೆಸ್ಟ್ರಾಲ್, ಒಂದು ಇಸಿಜಿ. ಜೋರು ಗೊರಕೆ, ಹಗಲಿಡೀ ತೂಕಡಿಕೆ ಇದ್ದರೆ ಅದನ್ನೂ ಹೇಳಿ. ಮಗು ರಾತ್ರಿ ಎಬ್ಬಿಸುವ ಮನೆಯಲ್ಲಿ ತೂಕಡಿಕೆಗೆ ಯಾರೂ ಬೆಲೆ ಕೊಡುವುದಿಲ್ಲ. ಸೊಂಟನೋವಿಗೆ ದಿನವೂ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್, ಮಳೆಗಾಲದ ಕಟ್ಟಿದ ಮೂಗಿಗೆ ನುಂಗುವ ಶೀತದ ಮಾತ್ರೆ, ಗರ್ಭನಿರೋಧಕ ಮಾತ್ರೆ ಇವೆಲ್ಲ ಬಿಪಿ ಏರಿಸಬಲ್ಲವು.

‘ಬಸುರಿಯಾಗಿದ್ದಾಗ ಬಿಪಿ ಇತ್ತು, ಹೆರಿಗೆ ಆದ ಮೇಲೆ ಹೋಯ್ತು’ ಅನ್ನುವ ಮಾತು ಅಪಾಯದ್ದು. ಹೆರಿಗೆಯಾದ ಮೂರರಿಂದ ಆರನೇ ದಿನದ ನಡುವೆ ಬಿಪಿ ಮತ್ತೆ ಏರುವುದುಂಟು, ಅಷ್ಟರಲ್ಲಿ ಬಾಣಂತಿ ಮನೆ ಸೇರಿರುತ್ತಾಳೆ. ಆರು ವಾರದೊಳಗೆ ಬಿಡದ ತಲೆನೋವು, ಕಣ್ಣು ಮಂಜು, ಬಲಪಕ್ಕೆಯ ಕೆಳಗೆ ನೋವು ಬಂದರೆ ಅದನ್ನು ನಿದ್ದೆಗೇಡಿನ ಲೆಕ್ಕಕ್ಕೆ ಹಾಕಬೇಡಿ. ಪ್ರೀಎಕ್ಲಾಂಪ್ಸಿಯಾ (ಬಸಿರಿನಲ್ಲಿ ಬಿಪಿ ಏರಿ ಅಂಗಾಂಗಗಳಿಗೆ ತೊಂದರೆ ಕೊಡುವ ಕಾಯಿಲೆ) ಆಗಿದ್ದವರಿಗೆ ಮುಂದೆ ಹೃದಯದ ಕಾಯಿಲೆಯ ಸಾಧ್ಯತೆ ಸುಮಾರು ಇಮ್ಮಡಿ. ವರ್ಷಕ್ಕೊಮ್ಮೆ ತಪಾಸಣೆ ತಪ್ಪಿಸಬಾರದು. ಇನ್ನೊಂದು ಮಗು ಬೇಕೆನ್ನುವವರು ಟೆಲ್ಮಿಸಾರ್ಟನ್, ಎನಲಾಪ್ರಿಲ್‌ನಂಥ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಬಸುರಿಯಾಗುವ ಮೊದಲೇ ಡಾಕ್ಟರಿಗೆ ಹೇಳಿ ಬದಲಿಸಿಕೊಳ್ಳಬೇಕು.

ಇನ್ನು ಊಟದ ಉಪ್ಪು. ದೊಡ್ಡವರಿಗೆ ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚೆಯ ಮಟ್ಟಕ್ಕೆ. ಲೆಕ್ಕ ಸುಲಭ: ನಾಲ್ಕು ಜನ ದೊಡ್ಡವರ ಮನೆಗೆ ಒಂದು ಕಿಲೋ ಉಪ್ಪು ಐವತ್ತು ದಿನ ಬರಬೇಕು. ತಿಂಗಳಿಗೇ ಮುಗಿದರೆ, ಅದೂ ಉಪ್ಪಿನಕಾಯಿ, ಒಣಮೀನು ಬಿಟ್ಟು, ಯೋಚಿಸಿ. ನಮ್ಮ ಅಡುಗೆಯಲ್ಲಿ ಒಂದು ಅನುಕೂಲವಿದೆ. ಕಡಂಬುಟ್ಟು (ಅಕ್ಕಿ ಕಡುಬು), ನೂಪುಟ್ಟಿಗೆ (ಅಕ್ಕಿ ಶಾವಿಗೆ) ಉಪ್ಪು ಬಿಟ್ಟರೆ ರುಚಿ ಅಷ್ಟೇನೂ ಕೆಡದು. ಹಂದಿ ಮಾಂಸದ ಪಂದಿಕರಿಯಲ್ಲಿ ಕಾಚಂಪುಳಿ ಎಂಬ ಹಣ್ಣಿನ ರಸದ ಹುಳಿ, ಕರಿಮೆಣಸಿನ ಖಾರ ಇರುವುದರಿಂದ ಉಪ್ಪು ಕಾಲು ಭಾಗ ಕಡಿಮೆಯಾದರೂ ನಾಲಿಗೆ ಕೇಳುವುದಿಲ್ಲ. ಕೊಬ್ಬು ಮಾತ್ರ ಕಡಿಮೆಯಾಗದು, ಅದನ್ನು ಬಡಿಸಿಕೊಳ್ಳುವಾಗಲೇ ಬದಿಗಿಡಬೇಕು. ಅಂಗಡಿಯ ‘ಲೋ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡದ ತೊಂದರೆ ಇದ್ದವರು, ಟೆಲ್ಮಿಸಾರ್ಟನ್ ನುಂಗುವವರು ಕೇಳದೆ ತರಬಾರದು.

ಅಂಕಿ ಇಳಿಯಿತೆಂದು ಮಾತ್ರೆ ನಿಲ್ಲಿಸುವುದು ಎಲ್ಲರೂ ಮಾಡುವ ತಪ್ಪು. ಇಳಿದದ್ದೇ ಮಾತ್ರೆಯಿಂದ. ಅಮ್ಲೋಡಿಪಿನ್‌ಗೆ ಪಾದ ಊದಿದರೆ ಡಾಕ್ಟರು ಬೇರೆ ಮಾತ್ರೆ ಕೊಡುತ್ತಾರೆ, ನೀವಾಗಿ ಬಿಡಬೇಡಿ. ಇನ್ನೊಂದನ್ನು ಚೀಟಿಯಲ್ಲಿ ಯಾರೂ ಬರೆದುಕೊಡುವುದಿಲ್ಲ: ಎರಡು ವರ್ಷದ ಮಗು ಒಂದೆರಡು ಅಮ್ಲೋಡಿಪಿನ್ ನುಂಗಿದರೂ ಜೀವಕ್ಕೆ ಅಪಾಯ. ದಿಂಬಿನ ಪಕ್ಕ, ಫ್ರಿಜ್ಜಿನ ಮೇಲೆ, ಕೈಚೀಲದಲ್ಲಿ ಇಡಬೇಡಿ. ಬೀಗವಿರುವ ಕಪಾಟಿನಲ್ಲಿಡಿ.

ರಾತ್ರಿ ಎದೆ ಬಿಗಿದು ಬೆವರಿದರೆ ಮನೆಯಲ್ಲಿ ಮೊದಲು ಬರುವ ಮಾತು ‘ಗ್ಯಾಸ್ಟ್ರಿಕ್ ಇರ್ಬೇಕು’. ಅದು ಹೃದಯಾಘಾತವೂ ಆಗಿರಬಹುದು. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ., ಅಲ್ಲಿಯವರೆಗೂ ಓಡುವ ಮುಂಚೆ ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಆಗಲಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ. ನೋವು ಶುರುವಾದ ಮೊದಲ ಮೂರು ಗಂಟೆಯೊಳಗೆ ಅದು ಹೆಚ್ಚು ಕೆಲಸ ಮಾಡುತ್ತದೆ. 108ಕ್ಕೆ ಫೋನ್ ಮಾಡುವಾಗ ತೋಟದ ಹೆಸರಿನ ಜೊತೆ ಟಾರ್ ರಸ್ತೆಯಿಂದ ಯಾವ ತಿರುವು ಅನ್ನುವುದನ್ನೂ ಹೇಳಿ, ಒಬ್ಬರು ಟಾರ್ಚ್ ಹಿಡಿದು ಗೇಟಿನಲ್ಲಿ ನಿಲ್ಲಲಿ.

ಚಿಕ್ಕ ಮಕ್ಕಳಿರುವ ಮನೆಯಲ್ಲಿ ತಡವಾಗುವುದು ದಾರಿಯಲ್ಲಲ್ಲ, ಹೊರಡುವಲ್ಲಿ. ಮಲಗಿರುವ ಮಕ್ಕಳನ್ನು ಏನು ಮಾಡುವುದು ಅನ್ನುವುದರಲ್ಲೇ ಒಂದು ಗಂಟೆ ಹೋಗುತ್ತದೆ. ಪಕ್ಕದ ತೋಟದ ಅಕ್ಕನೋ, ತೋಟದ ಆಳುಗಳ ಲೈನ್‌ಮನೆಯ ಅಜ್ಜಿಯೋ, ಆ ಹೊತ್ತಿಗೆ ಯಾರು ಬಂದು ಮಕ್ಕಳ ಹತ್ತಿರ ಮಲಗುತ್ತಾರೆ ಅನ್ನುವುದನ್ನು ಅವರನ್ನು ಕೇಳಿ ಈ ವಾರವೇ ಗಟ್ಟಿ ಮಾಡಿಕೊಳ್ಳಿ.