ಮೂರು ತಿಂಗಳ ಪಕ್ಷವನ್ನು ಹುಡುಕುತ್ತಾ ಇಜ್ಮಿರ್‌ನಲ್ಲಿ

ಟರ್ಕಿಯ ಇಜ್ಮಿರ್‌ಗೆ ಹೋದವರೆಲ್ಲ ಕೊನಾಕ್ ಚೌಕದ ಗಡಿಯಾರ ಗೋಪುರದ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ನಾನೂ ತೆಗೆಸಿಕೊಂಡೆ. ಆದರೆ ನನಗೆ ನೋಡಬೇಕಿದ್ದದ್ದು ಒಂದು ಫುಟ್‌ಬಾಲ್ ಮೈದಾನ. ಫುಟ್‌ಬಾಲ್ ನನಗೆ ಅಷ್ಟಕ್ಕಷ್ಟೇ.

ಅಲ್ಸಂಜಾಕ್‌ನಲ್ಲಿದ್ದ ಹಳೆಯ ಸ್ಟೇಡಿಯಂ ಕೆಡವಿ ಹೊಸದು ಕಟ್ಟಿದ್ದಾರೆ. ಇವತ್ತು ಮ್ಯಾಚ್ ಇಲ್ಲ ಅಂತ ಕಾವಲುಗಾರ ಕೈಸನ್ನೆ ಮಾಡಿದ. 1930ರಲ್ಲಿ ಇಲ್ಲೊಂದು ರಾಜಕೀಯ ಸಭೆ ನಡೆದಿತ್ತು, ಅದಕ್ಕೇ ಬಂದೆ ಅಂತ ಕೈಸನ್ನೆಯಲ್ಲಿ ಹೇಳುವುದು ಹೇಗೆ? ಸುಮ್ನೆ ನಕ್ಕು, ನೆರಳಲ್ಲಿ ನಿಂತು ಗೆವ್ರೆಕ್ ತಿಂದೆ. ಎಳ್ಳು ಮೆತ್ತಿದ, ಬಳೆಯಂಥ ಬ್ರೆಡ್ಡು. ಟರ್ಕಿಯ ಬೇರೆ ಕಡೆ ಇದೇ ಸಿಮಿತ್.

ಆಗ ಟರ್ಕಿಯಲ್ಲಿ ಇದ್ದದ್ದು ಒಂದೇ ಪಕ್ಷ. ಒಂದು ವಿರೋಧ ಪಕ್ಷವೂ ಇರಲಿ ಅಂತ ಅಧ್ಯಕ್ಷ ಮುಸ್ತಫಾ ಕೆಮಾಲ್‌ರಿಗೆ ಅನ್ನಿಸಿತು. ಪ್ಯಾರಿಸ್‌ನಲ್ಲಿ ರಾಯಭಾರಿಯಾಗಿದ್ದ ಹಳೆಯ ಗೆಳೆಯ ಫೆತ್ಹಿ ಆ ಬೇಸಿಗೆಯಲ್ಲಿ ಊರಿಗೆ ಬಂದಿದ್ದರು. ಆ ಪಕ್ಷವನ್ನು ನೀನೇ ಕಟ್ಟು ಎಂದು ಕೆಮಾಲ್ ಅವರಿಗೆ ಹೇಳಿದರು. ಆಗಸ್ಟ್ 12ಕ್ಕೆ ಸ್ವತಂತ್ರ ರಿಪಬ್ಲಿಕನ್ ಪಕ್ಷ ಹುಟ್ಟಿತು. ಕೆಮಾಲ್‌ರ ತಂಗಿ ಮಕ್ಬುಲೆ ಕೂಡ ಸೇರಿದರು. ಮನೆಯವರೇ ಎರಡು ಗುಂಪಾಗಿ ಕಬಡ್ಡಿ ಆಡಿದ ಹಾಗೆ, ಅಲ್ವಾ?

ಇದು ಆಟ ಅಂತ ಜನರಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಒಣದ್ರಾಕ್ಷಿ, ಅಂಜೂರ, ತಂಬಾಕನ್ನು ಹಡಗಿಗೆ ಏರಿಸಿ ಬದುಕುವ ಊರು ಇಜ್ಮಿರ್. 1929ರ ಜಾಗತಿಕ ಆರ್ಥಿಕ ಕುಸಿತದಲ್ಲಿ ಮೂರರ ಬೆಲೆಯೂ ನೆಲಕಚ್ಚಿತ್ತು. ಸೆಪ್ಟೆಂಬರ್ ಮೊದಲ ವಾರ ಫೆತ್ಹಿ ಹಡಗಿನಿಂದ ಇಳಿದಾಗ ದಡದ ತುಂಬ ಜನ. ಮರುದಿನ ಆಳುವ ಪಕ್ಷದ ಕಚೇರಿ, ಅದರ ಪರ ಬರೆಯುತ್ತಿದ್ದ ಪತ್ರಿಕೆಯ ಕಚೇರಿ, ಎರಡರ ಮೇಲೂ ಕಲ್ಲು ಬಿದ್ದವು. ಗುಂಡು ಹಾರಿತು. ಒಬ್ಬ ಹುಡುಗ ಸತ್ತ. ಅವನ ಅಪ್ಪ ಹೆಣವನ್ನು ತಂದು ಫೆತ್ಹಿಯ ಮುಂದೆ ಮಲಗಿಸಿ, ಬೇಕಾದರೆ ಇನ್ನೂ ಬಲಿ ಕೊಡುತ್ತೇವೆ, ನಮ್ಮನ್ನು ಕಾಪಾಡಿ ಎಂದನಂತೆ. ಅದಾದ ಮೇಲೆ, 7ರಂದು, ಈ ಮೈದಾನದಲ್ಲಿ ಭಾಷಣ.

ಸಂಜೆ ಕೊರ್ದೊನ್‌ನ ಸಮುದ್ರದಂಡೆಯಲ್ಲಿ ನಡೆಯುವಾಗ ಆ ಅಪ್ಪನೇ ತಲೆಯಲ್ಲಿದ್ದ. ಸುತ್ತ ಹುಲ್ಲಿನ ಮೇಲೆ ಹುಡುಗ ಹುಡುಗಿಯರು ಸೂರ್ಯಕಾಂತಿ ಬೀಜ ಸುಲಿಯುತ್ತಾ ಕೂತಿದ್ದರು. ಇಷ್ಟು ಜನ ನಂಬಿಬಿಟ್ಟರಲ್ಲ ಅಂತ ಫೆತ್ಹಿಗೂ ಭಯವಾಗಿರಬೇಕು. ಅಕ್ಟೋಬರ್‌ನ ಪುರಸಭೆ ಚುನಾವಣೆಯಲ್ಲಿ ಮೋಸ ನಡೆದಿದೆ ಎಂದು ಅವರು ಸಂಸತ್ತಿನಲ್ಲಿ ದೂರಿದರು. ಆದರೆ ಮುಸ್ತಫಾ ಕೆಮಾಲ್‌ರನ್ನೇ ಎದುರು ಹಾಕಿಕೊಳ್ಳಲು ಅವರು ತಯಾರಿರಲಿಲ್ಲ. ನವೆಂಬರ್ 17ಕ್ಕೆ ತಾವೇ ಪಕ್ಷ ಮುಚ್ಚಿದರು.

ಮರುದಿನ ಇಜ್ಬಾನ್ ರೈಲು ಹಿಡಿದು ಮೆನೆಮೆನ್‌ಗೆ ಹೋದೆ. ಪಕ್ಷ ಮುಚ್ಚಿದ ಮುಂದಿನ ತಿಂಗಳೇ, ಡಿಸೆಂಬರ್ 23ರಂದು, ಶರಿಯತ್ ಬೇಕೆಂದು ಎದ್ದ ಗುಂಪೊಂದು ಇಲ್ಲಿ ಕುಬಿಲಾಯ್ ಎಂಬ ಯುವ ಸೇನಾಧಿಕಾರಿಯ ತಲೆ ಕಡಿಯಿತು. ವೃತ್ತಿಯಲ್ಲಿ ಮೇಷ್ಟರಾಗಿದ್ದವರು. ಗುಡ್ಡದ ಮೇಲೆ ಅವರ ಸ್ಮಾರಕವಿದೆ. ಇದಾದ ಮೇಲೆ ಇನ್ನೊಂದು ವಿರೋಧ ಪಕ್ಷಕ್ಕೆ ಟರ್ಕಿ 1945ರವರೆಗೆ ಕಾಯಬೇಕಾಯಿತು.

ಫೆತ್ಹಿಯ ಪಕ್ಷದ ಒಂದು ಫಲಕ ಎಲ್ಲಾದರೂ ಇದ್ದೀತೆಂದು ಮೂರು ದಿನ ಹುಡುಕಿದೆ. ನನ್ನ ಕಣ್ಣಿಗೆ ಬೀಳಲಿಲ್ಲ. ವಾಪಸ್ ಬರುವಾಗ ವಿಮಾನ ನಿಲ್ದಾಣದ ಹೆಸರನ್ನು ಮತ್ತೊಮ್ಮೆ ಓದಿದೆ: ಅದ್ನಾನ್ ಮೆಂದೆರೆಸ್. 1950ರ ಚುನಾವಣೆ ಗೆದ್ದು ಪ್ರಧಾನಿಯಾದವರು, 1961ರಲ್ಲಿ ಸೇನೆ ಗಲ್ಲಿಗೇರಿಸಿದವರು. 1930ರಲ್ಲಿ ಅವರು ಇಲ್ಲೇ ಪಕ್ಕದ ಆಯ್ದಿನ್‌ನ ಜಮೀನುದಾರ. ರಾಜಕೀಯಕ್ಕೆ ಇಳಿದದ್ದು ಫೆತ್ಹಿಯ ಪಕ್ಷದ ಆಯ್ದಿನ್ ಶಾಖೆಯ ಮುಖ್ಯಸ್ಥರಾಗಿ.