"ನಿಮ್ ಕಡೆ ಕಾಡ್ ಹಂದಿ ಸಿಗುತ್ತಾ ಗುರು?"

ಶುಕ್ರವಾರ ಸಾಯಂಕಾಲ ಆರರ ಮೇಲೆ ಬೆಂಗಳೂರ್ ಫ್ರೆಂಡ್ ಯಾರಾದ್ರೂ ಫೋನ್ ಮಾಡಿದ್ರೆ ಎತ್ತೋಕ್ ಮುಂಚೆನೇ ಗೊತ್ತಾಗೋಗುತ್ತೆ ಏನಂತ. "ಗುರು, ನಾಳೆ ಮೈಸೂರ್ ಕಡೆ ಬರ್ತಿದೀವಿ, ಹಂಗೇ ಕಬಿನಿ ಒಂದ್ ರೌಂಡು, ಏನ್ ತಿನ್ನೋದು ಹೇಳು. ಮಸಾಲೆ ದೋಸೆ, ಮೈಸೂರ್ ಪಾಕ್ ಅಂತ ಶುರು ಮಾಡ್ಬೇಡ, ಅದೆಲ್ಲಾ ಗೊತ್ತು." ಆಮೇಲೆ ದನಿ ಸ್ವಲ್ಪ ಇಳಿಯುತ್ತೆ. "ಕಾಡ್ ಹಂದಿ ಗಿಂದಿ ಸಿಗುತ್ತೇನೋ? ನಿಂಗೆ ಯಾರಾದ್ರೂ ಪರಿಚಯ ಇರ್ತಾರಲ್ಲಾ?"

ನಾನು ಮಳವಳ್ಳಿ ಕಡೆಯೋನು, ಕೆಲಸಕ್ಕೆ ಅಂತ ಮೈಸೂರಿಗೆ ಬಂದು ಹದಿನೈದು ವರ್ಷ ಆಯ್ತು, ಅದಕ್ಕೇ ಎಲ್ರಿಗೂ ನಾನು ಊಟದ ವಿಷಯದಲ್ಲಿ ಫ್ರೀ ಗೈಡು. ಪ್ರತಿ ಸಲ ಫೋನಲ್ಲಿ ಅದನ್ನೇ ಹೇಳಿ ಹೇಳಿ ಸಾಕಾಗಿ ಒಂದೇ ಸಲ ಬರೆದು ಹಾಕ್ತಿದೀನಿ, ಇನ್ಮೇಲೆ ಕೇಳಿದೋರಿಗೆ ಲಿಂಕ್ ಕಳ್ಸೋದಷ್ಟೇ.

ಮೊದಲು ಹಂದಿ ವಿಷಯ ಮುಗಿಸ್ಬಿಡೋಣ. ಸಿಗಲ್ಲ. ಸಿಕ್ಕಿದ್ರೂ ತಿನ್ಬೇಡಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಹೊಡೆದೋನು ಮಾತ್ರ ಅಲ್ಲ, ಮಾಂಸ ಮಾರಿದೋನು, ಕೊಂಡೋನು, ಮನೇಲಿ ಇಟ್ಕೊಂಡೋನು ಎಲ್ಲರೂ ಸಿಕ್ಕಾಕೋತಾರೆ, 2022ರ ತಿದ್ದುಪಡಿಲಿ ಸಾಮಾನ್ಯ ತಪ್ಪಿನ ದಂಡಾನೇ 25 ಸಾವಿರದಿಂದ 1 ಲಕ್ಷಕ್ಕೆ ಏರ್ಸಿದಾರೆ, ಜೈಲು ಬೇರೆ. "ಬೇಯ್ಸಿದ್ಮೇಲೆ ಯಾರಿಗ್ ಗೊತ್ತಾಗುತ್ತೆ" ಅಂತ ಒಬ್ಬ ಕೇಳಿದ್ದ. ಹೈದರಾಬಾದಲ್ಲಿ ಲ್ಯಾಕೋನ್ಸ್ ಅಂತ ಒಂದು ಲ್ಯಾಬ್ ಇದೆ ಸ್ವಾಮಿ, ಮಾಂಸದ ಚೂರು ಕಳಿಸಿದ್ರೆ ಡಿಎನ್‌ಎ ನೋಡಿ ಯಾವ ಪ್ರಾಣಿ ಅಂತ ಹೇಳ್ತಾರೆ, ಬೇಯ್ಸಿದ್ರೂ ಅಷ್ಟೇ, ಬೇಯ್ಸದಿದ್ರೂ ಅಷ್ಟೇ.

ನಾನೇನ್ ಹುಟ್ಟಾ ಸಾಚಾ ಅಲ್ಲ. ಕಾಲೇಜಲ್ಲಿದ್ದಾಗ ನಾವ್ ನಾಲ್ಕ್ ಜನ ಎಚ್.ಡಿ. ಕೋಟೆ ರೋಡಲ್ಲಿ ಒಂದು ಹೋಟ್ಲಿಗೆ ಹೋಗಿದ್ವಿ, ಹೆಸರು ಬೇಡ ಬಿಡಿ. ಸಪ್ಲೈಯರ್ ಹತ್ರ ಬಂದು ಕಿವೀಲಿ "ಸಾರ್, ಒಳಗಡೆ ಐಟಮ್ ಅದೆ, ಕಾಡಿಂದು" ಅಂದ. ಮಾಮೂಲಿಗಿಂತ ಮೂರು ಪಟ್ಟು ರೇಟು. ಕತ್ತಲೆ ರೂಮಲ್ಲಿ ಕೂತ್ಕೊಂಡು ಏನೋ ದೊಡ್ಡ ಘನಂದಾರಿ ಕೆಲಸ ಮಾಡ್ತಿದೀವಿ ಅನ್ನೋ ಥರ ತಿಂದ್ವಿ, ಮಿಕ್ಕಿದ್ದನ್ನ ಪಾರ್ಸಲ್ ಮಾಡಿಸ್ಕೊಂಡು ಊರಿಗೆ ತಗೊಂಡೋಗಿ ನಮ್ ಚಿಕ್ಕಪ್ಪಂಗೆ ತೋರಿಸ್ದೆ. ಚಿಕ್ಕಪ್ಪ ಹಬ್ಬ ಹರಿದಿನಕ್ಕೆ ಊರಲ್ಲಿ ಮರಿ ಕುಯ್ಯೋರು, ಮಾಂಸದ ವಿಷಯದಲ್ಲಿ ಅವರ ಕಣ್ಣು ತಪ್ಪಲ್ಲ. ಒಂದು ಪೀಸ್ ಎತ್ತಿ ಲೈಟಿಗೆ ಹಿಡಿದು ನೋಡಿ ನಗೋಕ್ ಶುರು ಮಾಡಿದ್ರು. "ಚರ್ಬಿ ನೋಡ್ಲಾ, ಎರಡ್ ಬೆಟ್ಟು ದಪ್ಪ ಅದೆ. ಕಾಡಲ್ಲಿ ಓಡಾಡ ಹಂದಿಗೆ ಇಷ್ಟ್ ಕೊಬ್ಬು ಎಲ್ಲಿಂದ್ ಬತ್ತದೆ? ಊರ್ ಹಂದಿ ಕನ್ಲಾ ಇದು, ಟೋಪಿ ಹಾಕವ್ರೆ ನಿಮ್ಗೆ." ಕಾಡ್ ಮಾಂಸ ಅಂತ ಕದ್ದುಮುಚ್ಚಿ ಮಾರೋ ಕಡೆ ಇದೇ ದೊಡ್ಡ ತಮಾಷೆ, ಮೋಸ ಹೋದ್ರೆ ಪೊಲೀಸ್ ಸ್ಟೇಷನ್ನಿಗೂ ಹೋಗೋ ಹಂಗಿಲ್ಲ.

ಈ ಆಸೆ ಎಲ್ಲಿಂದ ಬಂತು ಅಂತಾನೂ ಗೊತ್ತು. ನಮ್ಮ ಮೈಸೂರು ಶಿಕಾರಿಗೆ ಹೆಸರಾದ ಊರು, ಬಂಡೀಪುರ ಒಂದು ಕಾಲದಲ್ಲಿ ಮಹಾರಾಜರ ಶಿಕಾರಿ ಕಾಡು, ಸತ್ತ ಹುಲಿ ಚಿರತೆಗಳ ಚರ್ಮಾನ ಜೀವ ಇದ್ದಂಗೆ ನಿಲ್ಲಿಸ್ತಿದ್ದ ವ್ಯಾನ್ ಇಂಗನ್ ಕಂಪನಿ ಇದ್ದಿದ್ದೂ ಇಲ್ಲೇ. ನಮ್ ತಾತ ಕೂಡ ಬೇಸಿಗೇಲಿ ಮೊಲ ಹೊಡ್ಕೊಂಡ್ ಬರ್ತಿದ್ದ ಕಥೆ ಹೇಳೋರು. ಆದ್ರೆ ಒಂದು ಗಮನಿಸಿದೀನಿ ನಾನು. ತಾತ ಮೊಲದ ಬಗ್ಗೆ ಹೇಳ್ತಿದ್ದಿದ್ದು ಎರಡೇ ಮಾತು, ಓಡ್ತು, ಸಿಕ್ತು. ಆಮೇಲೆ ಅರ್ಧ ಗಂಟೆ ಅಜ್ಜಿ ಅರೀತಿದ್ದ ಖಾರದ ಬಗ್ಗೆ ಹೇಳೋರು. ಕೆಂಡದಲ್ಲಿ ಸುಟ್ಟ ಈರುಳ್ಳಿ, ಹುರಿದ ಧನಿಯ, ಮೆಣಸು, ಗಸಗಸೆ, ಕೊಬ್ಬರಿ, ಒರಳಲ್ಲಿ ನುಣ್ಣಗೆ ಆಗೋವರೆಗೂ ರುಬ್ಬಿದ್ದು, ಮಡಕೇಲಿ ಸೌದೆ ಉರೀಲಿ ಕುದಿಸಿದ್ದು. ಅಜ್ಜಿ ಅದೇ ಖಾರಾನ ನಾಟಿ ಕೋಳಿಗೂ ಹಾಕೋರು, ಏನೂ ಇಲ್ದಿದ್ರೆ ಹಲಸಿನ ಗುಜ್ಜಿಗೂ ಹಾಕೋರು. ನೀವ್ ಹುಡುಕ್ಕೊಂಡ್ ಬರ್ತಿರೋ ಕಾಡಿನ ರುಚಿ ಆ ಮಡಕೇಲಿ ಇದ್ದಿದ್ದು, ಮೊಲದಲ್ಲಿ ಅಲ್ಲ. ಮೊಲ ಹೋಯ್ತು, ಖಾರ ಉಳ್ಕೊಂಡಿದೆ, ಅದನ್ನ ಕೇಳಿ.

ಕೊಡಗಿನ ಪಂದಿ ಕರಿ ಇದಕ್ಕೆ ಒಳ್ಳೇ ಸಾಕ್ಷಿ. ಒಂದ್ ಕಾಲಕ್ಕೆ ಕಾಡ್ ಹಂದೀದೇ ಮಾಡ್ತಿದ್ದಿದ್ದು, ಈಗ ಎಲ್ಲಾ ಕಡೆ ಸಾಕಿದ ಹಂದೀನೇ. ಸೆಪ್ಟೆಂಬರ್ 3ರ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿ ಪೂಜೆ ಮಾಡಿ ಕೊಡವರು ಇವತ್ತಿಗೂ ಪಂದಿ ಕರಿ, ಕಡಂಬುಟ್ಟು (ಅಕ್ಕಿ ತರಿ ಉಂಡೆ) ಮಾಡ್ತಾರೆ, ಹಂದಿ ಮಾತ್ರ ಊರಿಂದು. ರುಚಿ ಹೋಯ್ತಾ? ಇಲ್ಲ. ಯಾಕಂದ್ರೆ ಅದರ ಜೀವ ಇರೋದು ಕಪ್ಪಗೆ ಹುರಿದ ಮಸಾಲೆಲಿ, ಮತ್ತೆ ಕೊನೇಲಿ ಹಾಕೋ ಕಾಚಂಪುಳಿ ಅನ್ನೋ ಹುಳಿಲಿ, ಅದರ ಹಣ್ಣಿನ ರಸಾನ ಗಂಟೆಗಟ್ಲೆ ಕಾಯಿಸಿ ಟಾರಿನ ಥರ ಗಟ್ಟಿ ಮಾಡಿರ್ತಾರೆ, ಒಂದು ಚಮಚ ಜಾಸ್ತಿ ಆದ್ರೆ ಹಲ್ಲು ಜುಂ ಅನ್ನುತ್ತೆ. ಮೈಸೂರಲ್ಲೇ ಕೊಡಗಿನೋರ ಹೋಟ್ಲು ಬೇಕಾದಷ್ಟಿವೆ, ಮಡಿಕೇರಿ ತನಕ ಹೋಗೋ ಟೈಮ್ ಇಲ್ದಿದ್ರೆ ಇಲ್ಲೇ ತಿನ್ನಿ, ಆದ್ರೆ ಅನ್ನದ್ ಜೊತೆ ಬೇಡ, ಕಡಂಬುಟ್ಟೇ ಹಾಕಿಸ್ಕೊಳ್ಳಿ.

ಗೌಜಲಕ್ಕಿ ಅಂತ ಬೋರ್ಡ್ ಹಾಕಿರೋ ಕಡೆ ಹೆದರ್ಕೋಬೇಡಿ, ಅದು ಫಾರಮ್ಮಲ್ಲಿ ಸಾಕೋ ಜಪಾನೀಸ್ ಕ್ವೇಲ್. ಮೂಳೆನೇ ಜಾಸ್ತಿ, ನನಗಂತೂ ಅಷ್ಟಕ್ಕಷ್ಟೇ.

ಇನ್ನು ಬನ್ನೂರು ಕುರಿ. ಹೈವೇಲಿ ಹತ್ತು ಹೋಟ್ಲಲ್ಲಿ ಎಂಟು "ಬನ್ನೂರು ಮಟನ್" ಅಂತ ಬರ್ಕೊಂಡಿರ್ತವೆ. ತಳಿಯ ಹೆಸರು ನಿಜಕ್ಕೂ ಬಂಡೂರು, ನಮ್ಮ ಮಳವಳ್ಳಿ ತಾಲೂಕಿನ ಊರು, ಪಕ್ಕದ ಟಿ. ನರಸೀಪುರ ತಾಲೂಕಿನ ಬನ್ನೂರಿನ ಹೆಸರು ಅಂಟ್ಕೊಂಡ್ಬಿಡ್ತು (ನಮ್ ತಾಲೂಕಿನೋರಿಗೆ ಇದು ಇವತ್ತಿಗೂ ಹೊಟ್ಟೆ ಉರಿ). ಕುಳ್ಳ ಕಾಲು, ಅಗಲ ಮೈ, ಹಿಂದಿಂದ ನೋಡಿದ್ರೆ ಕುದುರೆ ಲಾಳ ತಲೆಕೆಳಗೆ ಮಾಡಿದಂಗೆ ಕಾಣುತ್ತೆ. ಇದರ ವಿಶೇಷ ಅಂದ್ರೆ ಕೊಬ್ಬು ಒಂದ್ ಕಡೆ ಗಡ್ಡೆ ಕಟ್ಟಲ್ಲ, ಮಾಂಸದ ಎಳೆ ಎಳೆ ಮಧ್ಯೆ ಹರಡ್ಕೊಂಡಿರುತ್ತೆ, ಅದಕ್ಕೇ ಬೆಂದ್ರೆ ಬೆಣ್ಣೆ. ಶುದ್ಧ ತಳಿ ಈಗ ಕಮ್ಮಿ, ಬೋರ್ಡ್ ನಂಬ್ಕೊಂಡು ಹೋಗ್ಬೇಡಿ. ಹೋಟ್ಲಲ್ಲಿ ಮುದ್ದೆ ಬಿಸಿ ಇದೆಯಾ, ಬೋಟಿ ಗೊಜ್ಜು, ತಲೆ ಮಾಂಸ ಖಾಲಿ ಆಗಿದೆಯಾ ಅಂತ ಕೇಳಿ. ಒಂದೂವರೆಗೆಲ್ಲಾ ಖಾಲಿ ಆಗಿದ್ರೆ ಅದು ಒಳ್ಳೇ ಹೋಟ್ಲು, ನಾಳೆ ಹನ್ನೆರಡಕ್ಕೆ ಹೋಗಿ. ಬಾಡು ಅಂದ್ರೆ ಮಂಡ್ಯದೋರಿಗೆ ಏನು ಅಂತ 2024ರ ಡಿಸೆಂಬರಲ್ಲಿ ಇಡೀ ರಾಜ್ಯ ನೋಡಿದೆ, 87ನೇ ಸಾಹಿತ್ಯ ಸಮ್ಮೇಳನಕ್ಕೆ ಬಾಡೂಟ ಬೇಕು ಅಂತ ಹೋರಾಟಾನೇ ಆಯ್ತಲ್ಲ.

ಮುದ್ದೆ ಅಗೀಬೇಡಿ. ಇದನ್ನ ಪ್ರತಿ ಸಲ ಹೇಳ್ತೀನಿ, ಪ್ರತಿ ಸಲ ಯಾರೋ ಒಬ್ಬ ಚೂಯಿಂಗ್ ಗಮ್ ಥರ ಅಗೀತಾನೆ. ಚಿಕ್ಕದಾಗಿ ಮುರೀರಿ, ಸಾರಲ್ಲಿ ಹೊರಳಾಡಿಸಿ, ನುಂಗಿ.

ಮೀನು ಬೇಕಾದ್ರೆ ಬಲಮುರಿ, ಕೆಆರ್‌ಎಸ್ ಕಡೆ ಹೋಗಿ, ಜಿಲೇಬಿ ಮೀನು, ಕಾಟ್ಲಾ, ಮಸಾಲೆ ಸವರಿ ಕಣ್ಣೆದುರಿಗೇ ಕರಿದು ಕೊಡ್ತಾರೆ. ಮಹಸೀರ್ ಮಾತ್ರ ಕೇಳ್ಬೇಡಿ, ಕಾವೇರಿಲಿ ಇರೋ ಕಿತ್ತಳೆ ರೆಕ್ಕೆಯ ಆ ದೊಡ್ಡ ಮೀನು 2018ರಲ್ಲೇ ಐಯುಸಿಎನ್ ಅನ್ನೋ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆಯ ಅಳಿವಿನ ಅಂಚಿನ ಪಟ್ಟಿಗೆ ಸೇರ್ಕೊಂಡಿದೆ.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ಯಾರೂ ಬೆಳೀದೆ, ಯಾರೂ ಸಾಕದೆ ತಾನಾಗೇ ಬರೋದನ್ನೇ ತಿನ್ಬೇಕು ಅನ್ನೋ ಆಸೆ ಇದ್ರೆ ಅದು ನಮ್ ಕಡೆ ಇದೆ, ಧಾರಾಳವಾಗಿದೆ, ಯಾವ ಕೇಸೂ ಇಲ್ಲ. ಬೆರಕೆ ಸೊಪ್ಪು. ಮುಂಗಾರು ಎರಡು ಹದ ಮಳೆ ಆದ್ಮೇಲೆ ಹೊಲದ ಬದೀಲಿ ಅಣ್ಣೆ, ಕಿರಕಸಾಲೆ, ಹೊನಗೊನ್ನೆ, ಗಣಕೆ, ಗೋಣಿ ಎಲ್ಲಾ ಒಟ್ಟೊಟ್ಟಿಗೆ ಬರ್ತವೆ. ಯಾರೂ ಬಿತ್ತಿಲ್ಲ, ಕಳೆ ಅಂತ ಔಷಧಿ ಹೊಡೆಯೋರೇ ಜಾಸ್ತಿ. ನಮ್ಮವ್ವ ಬೆಳಿಗ್ಗೆ ಹೊಲಕ್ಕೆ ಹೋದ್ರೆ ಬರೋವಾಗ ಮಡಿಲು ತುಂಬಾ ಸೊಪ್ಪು. ಯಾವುದು ಎಷ್ಟು ಅನ್ನೋದು ಕೈಗೇ ಗೊತ್ತು, ಗಣಕೆ ಜಾಸ್ತಿ ಆದ್ರೆ ಕಹಿ, ಕಿರಕಸಾಲೆ ಇಲ್ದಿದ್ರೆ ರುಚಿ ಇಲ್ಲ.

ಅದರಲ್ಲಿ ಉಪ್ಸಾರು ಮಾಡ್ತಾರೆ. ತೊಗರಿಬೇಳೆನೋ ಹುರುಳಿಕಾಳೋ ಬೇಯೋಕಿಟ್ಟು, ಮುಕ್ಕಾಲು ಬೆಂದಾಗ ಸೊಪ್ಪು ಉಪ್ಪು ಹಾಕಿ, ಬೆಂದ ಮೇಲೆ ಬಸಿದು ಕಟ್ಟು ಬೇರೆ ಸೊಪ್ಪು ಬೇರೆ ಮಾಡ್ತಾರೆ. ಕಟ್ಟಿಗೆ ಬೇರೆ ಏನೂ ಹಾಕಲ್ಲ, ಬರೀ ಉಪ್ಪು ನೀರಿನ ಥರ ಇರುತ್ತೆ, ಮೊದಲ ಸಲ ನೋಡಿದೋರು ಇದೇನ್ರೀ ಸಾರು ಅಂತ ಮುಖ ಸಿಂಡರಿಸ್ತಾರೆ. ಆಟ ಇರೋದು ಖಾರದಲ್ಲಿ. ಕೆಂಡದಲ್ಲಿ ಸುಟ್ಟ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ನಾಲ್ಕು ಕಾಳು ಮೆಣಸು, ಹುಣಸೆಹಣ್ಣು, ಉಪ್ಪು, ಒರಳಲ್ಲಿ ಅರೆದು ಉಂಡೆ ಮಾಡಿ ತಟ್ಟೆ ಅಂಚಿಗೆ ಗೋಲಿ ಗಾತ್ರಕ್ಕೆ ಅಂಟಿಸ್ತಾರೆ. ಅದನ್ನ ನೀವೇ ಬೆರಳಲ್ಲಿ ಸ್ವಲ್ಪ ಸ್ವಲ್ಪ ಸಾರಿಗೆ ಕದಡ್ಕೊಂಡು, ನಿಮ್ ನಾಲಿಗೆ ಎಷ್ಟ್ ತಡೆಯುತ್ತೋ ಅಷ್ಟು, ಮುದ್ದೆ ಅದ್ದಿ ನುಂಗೋದು. ಎರಡನೇ ತುತ್ತಿಗೆ ಮೂಗಲ್ಲಿ ನೀರು, ನಾಲ್ಕನೇ ತುತ್ತಿಗೆ ಇನ್ನೊಂದ್ ಮುದ್ದೆ.

ಗುಡುಗು ಸಿಡಿಲಿನ ಮಳೆ ಆದ್ಮೇಲೆ ಹುತ್ತದ ಅಕ್ಕಪಕ್ಕ ಏಳೋ ಅಣಬೆನೂ ಹಂಗೇ. ಗೆದ್ದಲಿನ ಜೊತೆಗೇ ಬೆಳೆಯೋದ್ರಿಂದ ಅದನ್ನ ಶೆಡ್ಡಲ್ಲಿ ಬೆಳೆಯೋಕ್ ಬರಲ್ಲ, ಸಿಕ್ಕಾಗ ಸಿಕ್ತು. ಸಾರು ಮಾಡಿದ್ರೆ ಕೋಳಿ ಸಾರು ಪಕ್ಕಕ್ಕಿಡ್ಬೇಕು. ಗುರುತು ಗೊತ್ತಿರೋ ಊರೋರು ಕಿತ್ತಿದ್ರೆ ಮಾತ್ರ ತಿನ್ನಿ, ನೀವೇ ಕೀಳೋಕ್ ಹೋಗ್ಬೇಡಿ, ವಿಷದ್ದೂ ಪಕ್ಕದಲ್ಲೇ ಇರುತ್ತೆ. ನಾಲೆ ಬಯಲಿನ ಗದ್ದೆ ಏಡಿನೂ ಹೇಳ್ತಿದ್ದೆ, ನೆಗಡಿ ಆದ್ರೆ ಅವ್ವ ಏಡಿ ಜಜ್ಜಿ ಸೋಸಿ ಮೆಣಸಾಕಿ ಸಾರು ಮಾಡೋರು, ಆದ್ರೆ ಔಷಧಿ ಹೊಡೆದು ಹೊಡೆದು ನಮ್ ಗದ್ದೇಲಿ ಏಡಿನೇ ಕಾಣ್ತಿಲ್ಲ ಈಗ.

"ಸರಿ, ಬೆರಕೆ ಸೊಪ್ಪಿನ ಉಪ್ಸಾರು ಯಾವ್ ಹೋಟ್ಲಲ್ಲಿ ಸಿಗುತ್ತೆ, ಲೊಕೇಶನ್ ಕಳ್ಸು" ಅಂತೀರಾ. ಅದೇ ಕಷ್ಟ. ಹೈವೇ ಪಕ್ಕದ ಮುದ್ದೆ ಹೋಟ್ಲಲ್ಲಿ ಉಪ್ಸಾರು ಸಿಗುತ್ತೆ, ಸೊಪ್ಪು ಮಾತ್ರ ಮಾರ್ಕೆಟ್ಟಿಂದ ತಂದ ದಂಟು, ಪಾಲಕ್. ಬದುವಿನ ಸೊಪ್ಪು ಬೇಕಂದ್ರೆ ಮಳೆಗಾಲದಲ್ಲಿ ಬೆಳಿಗ್ಗೆ ಏಳಕ್ಕೆ ದೇವರಾಜ ಮಾರ್ಕೆಟ್ಟಿಗೆ ಹೋಗಿ, ಹಳ್ಳಿ ಹೆಂಗಸ್ರು ಗೋಣಿಚೀಲ ಹಾಸ್ಕೊಂಡ್ ಕೂತಿರ್ತಾರೆ, "ಬೆರಕೆ ಸೊಪ್ಪು ಅದಾ ಅವ್ವಾ" ಅಂತ ಕೇಳಿ. ಹಂಗೇ ರಸಬಾಳೆ ಕಂಡ್ರೆ ಬಿಡ್ಬೇಡಿ, ನಂಜನಗೂಡಿನ ಆ ಹಣ್ಣಿನ ತೋಟಗಳನ್ನ ಪನಾಮ ಸೊರಗು ರೋಗ ತಿಂದಾಕಿದೆ, ಸಿಪ್ಪೆ ಕಪ್ಪಾಗಿದ್ರೆ ಕೊಳೆತಿದೆ ಅಂದ್ಕೋಬೇಡಿ, ತಿನ್ನೋ ಹದ ಅದೇ. ಇಲ್ಲಾಂದ್ರೆ ಹಳ್ಳೀಲಿ ನೆಂಟ್ರಿರೋ ಫ್ರೆಂಡನ್ನ ಹಿಡೀರಿ.

ಹೋದ್ ವರ್ಷ ಆಷಾಢದಲ್ಲಿ ಹಂದಿ ಕೇಳ್ಕೊಂಡೇ ಬಂದಿದ್ದ ಒಬ್ಬನ್ನ ಊರಿಗೆ ಕರ್ಕೊಂಡೋಗಿದ್ದೆ. ಎರಡು ಮುದ್ದೆ ಉಪ್ಸಾರು ತಿಂದು, ಬೆವರು ಒರೆಸ್ಕೊಂಡು, ಜಗಲಿ ಮೇಲೆ ಕಾಲು ಚಾಚ್ಕೊಂಡು ಕೂತಿದ್ದ. ನಾನು ಬಾಯ್ ತಡೀದೆ ಅವ್ವಂಗೆ ಇವನ ಆಸೆ ಹೇಳ್ಬಿಟ್ಟೆ. ಅವ್ವ ಎಲೆಅಡಿಕೆ ಮಡಚ್ತಾ ಅವನ್ನ ಒಂದ್ಸಲ ಮೇಲಿಂದ ಕೆಳಗೆ ನೋಡಿ, "ಹಂದಿ ಬೇಕಿತ್ತಾ ಮಗಾ? ಇವತ್ ಇಲ್ಲೇ ಉಳ್ಕೊ. ರಾತ್ರಿ ಹನ್ನೊಂದ್ ಗಂಟೆಗೆ ನಮ್ ಕಬ್ಬಿನ್ ಗದ್ದೆಗೆ ಬತ್ತವೆ ಹಿಂಡು ಹಿಂಡು. ಬ್ಯಾಟ್ರಿ ಕೊಡ್ತೀನಿ, ತಗಡು ಕೊಡ್ತೀನಿ, ಬಡ್ಕಂಡು ಓಡ್ಸು" ಅಂದ್ರು.

ಅವನು ಐದೂವರೆ ಬಸ್ಸಿಗೇ ಹೊರಟ.